ನೆರೆಮನೆಯ ನಿಸ್ತಂತು ಜಾಲ: ದೀಪದ ಬೆಳಕೋ, ಯಜಮಾನನ ಮೊಹರೋ?

ಬೀದಿಯ ದೀಪದ ಕೆಳಗೆ ಓದಿ ಮೇಲೆ ಬಂದವರ ಕಥೆಗಳನ್ನು ಕೇಳುತ್ತ ಬೆಳೆದ ಜನರು ನಾವು. ಹಿಂದಿನ ತಲೆಮಾರಿನ ಬಡ ವಿದ್ಯಾರ್ಥಿಯು ಉಳ್ಳವರ ಮನೆಯ ಕಿಟಕಿಯಿಂದ ಹೊರಗೆ ಬಿದ್ದ ಬೆಳಕಿನಲ್ಲಿ ಪುಸ್ತಕ ಹಿಡಿದು ಕುಳಿತರೆ ಅವನನ್ನು ಕಳ್ಳನೆಂದು ಯಾರೂ ಕರೆಯಲಿಲ್ಲ. ಬೆಳಕು ಹೇಗೂ ಹೊರಗೆ ಬಿದ್ದಿತ್ತು. ಅವನು ಓದಿದ್ದರಿಂದ ದೀಪದ ಎಣ್ಣೆಯು ಒಂದು ಹನಿಯೂ ಹೆಚ್ಚು ಉರಿಯಲಿಲ್ಲ. ಇಂದು ಬೀದರದ ಹಳೆಯ ಪೇಟೆಯ ಓಣಿಯಲ್ಲಾಗಲಿ, ಭಾಲ್ಕಿಯ ಹೊಸ ಬಡಾವಣೆಯಲ್ಲಾಗಲಿ, ಔರಾದದ ಮನೆಸಾಲುಗಳಲ್ಲಾಗಲಿ ರಾತ್ರಿ ಊಟದ ಹೊತ್ತು ಮೀರಿದ ಮೇಲೆ ನಡೆದುಹೋದರೆ, ಆ ವಿದ್ಯಾರ್ಥಿಯ ಮೊಮ್ಮಗನು ಪಕ್ಕದ ಮನೆಯ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕುಳಿತಿರುವದನ್ನು ಕಾಣುವದು ಅಪರೂಪವಲ್ಲ. ಅವನ ದಿನದ ಡೇಟಾ ಸಂಜೆಗೇ ತೀರಿದೆ. ನಾಳೆಗೆ ಅರ್ಜಿಯ ಕಡೆಯ ತಾರೀಖು. ಗೋಡೆಯಾಚೆಯ ಮನೆಯ ವೈ-ಫೈ ಜಾಲವು ಅವನ ಕೈಯಲ್ಲಿಯ ಯಂತ್ರಕ್ಕೆ ಸಿಕ್ಕಿದೆ. ಅವನು ಗೋಡೆ ಹಾರಿಲ್ಲ, ಬೀಗ ಮುರಿದಿಲ್ಲ. ಹಾಗಾದರೆ ಇವನೂ ತನ್ನ ಅಜ್ಜನಂತೆ ಬೇರೆಯವರ ಬೆಳಕಿನಲ್ಲಿ ಓದುವವನೋ, ಅಥವಾ ಬೇರೆ ಏನೋ?

ಪ್ರಶ್ನೆಯು ಚಿಕ್ಕದೆಂದು ಕೆಲವು ವಾಚಕರಿಗೆ ತೋರಬಹುದು. ನೀರಿಲ್ಲದ ಬೇಸಗೆ, ಕೆಲಸವಿಲ್ಲದ ತರುಣರು, ಬೆಲೆಯಿಲ್ಲದ ತೊಗರಿ ಇವುಗಳನ್ನು ಬಿಟ್ಟು ಗಾಳಿಯಲ್ಲಿ ತೇಲುವ ಅಲೆಗಳ ಲೆಕ್ಕವನ್ನು ಹಿಡಿಯುವದೇಕೆ ಎಂದು ಅವರು ಕೇಳಿಯಾರು. ಆದರೆ ಇದೇ ತರುಣನು ಕೆಲಸಕ್ಕೆ ಅರ್ಜಿ ಹಾಕುವದು ಈ ಅಲೆಗಳ ಮೂಲಕ. ಇದೇ ರೈತನಿಗೆ ಪಹಣಿ ಸಿಗುವದು ಈ ಅಲೆಗಳ ಮೂಲಕ. ಸಂವಿಧಾನದ 371ನೆಯ ಅನುಚ್ಛೇದದ ಜೆ ಉಪಬಂಧದಿಂದ ಕಲ್ಯಾಣ ಕರ್ನಾಟಕಕ್ಕೆ ದೊರೆತ ಮೀಸಲಾತಿಯ ಲಾಭವನ್ನು ಪಡೆಯಬೇಕಾದರೂ ಅರ್ಜಿಯು ಅಂತರ್ಜಾಲದ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಇಂಥ ವಸ್ತುವನ್ನು ನೆರೆಯವರಿಂದ ಕೇಳದೆ ತೆಗೆದುಕೊಳ್ಳುವದು ಸರಿಯೇ, ಕ್ಷೇಮವೇ ಎಂಬದನ್ನು ವಿಚಾರಿಸದೆ ಬಿಡುವದು ಜಾಣತನವಲ್ಲ.

ಜಾಲದ ಸ್ವರೂಪ

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಮನೆಗೆ ಬಂದ ತಂತಿಯ ತುದಿಯಲ್ಲಿ ರೌಟರ್ ಎಂಬ ಚಿಕ್ಕ ಪೆಟ್ಟಿಗೆಯಿರುವದು. ಅದು ತಂತಿಯಲ್ಲಿ ಬಂದುದನ್ನು ರೇಡಿಯೋ ಅಲೆಗಳಾಗಿ ಮಾರ್ಪಡಿಸಿ ಸುತ್ತಲೂ ಬಿತ್ತರಿಸುವದು. ಸುತ್ತಲಿನ ಮೊಬೈಲ್ ಮತ್ತು ಗಣಕಯಂತ್ರಗಳು ಕಳುಹಿಸಿದ ಅಲೆಗಳನ್ನು ಕೂಡಿಸಿಕೊಂಡು ತಂತಿಗೆ ಹಾಕುವದು. ಈ ಅಲೆಗಳಿಗೆ ಗೋಡೆಯ ಹಂಗಿಲ್ಲ. 2005ರಲ್ಲಿ ಭಾರತ ಸರಕಾರವು 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನ ಬಂಧನದಿಂದ ಬಿಡಿಸಿದ ಮೇಲೆ ಇಂಥ ಪೆಟ್ಟಿಗೆಯನ್ನು ಯಾರು ಬೇಕಾದರೂ ಮನೆಯಲ್ಲಿ ಇಟ್ಟುಕೊಳ್ಳಬಹುದಾಯಿತು. ಪೆಟ್ಟಿಗೆಗೆ ಗುಪ್ತಪದದ ಬೀಗ ಹಾಕಿದ್ದರೆ ಆ ಪದವನ್ನು ಬಲ್ಲವನು ಮಾತ್ರ ಒಳಗೆ ಬರುವನು. ಹಾಕದಿದ್ದರೆ ಅಲೆಯು ತಲುಪುವಲ್ಲೆಲ್ಲ ಬಾಗಿಲು ತೆರೆದಂತೆಯೇ.

ಹಿಂದೆ ಪೆಟ್ಟಿಗೆಗಳು ಬೀಗವಿಲ್ಲದೆಯೇ ಮನೆ ಸೇರುತ್ತಿದ್ದವು. ಈಗ ಬಹುತೇಕ ಕಂಪನಿಗಳು ಬೀಗ ಹಾಕಿಯೇ ಕೊಡುತ್ತಿರುವದರಿಂದ ಪೂರ್ತಿ ತೆರೆದ ಜಾಲಗಳು ಕಡಿಮೆಯಾಗಿವೆ. ಆದರೆ ಇನ್ನೊಂದು ಬಗೆಯ ತೆರವು ಹೆಚ್ಚಿದೆ. ಮದುವೆಗೆ ಬಂದ ಅಳಿಯನಿಗೋ, ಪಕ್ಕದ ಮನೆಯ ಒಬ್ಬ ಹುಡುಗನಿಗೋ ಒಂದು ದಿನ ಗುಪ್ತಪದವನ್ನು ಹೇಳಿದರೆ, ಅದು ಅವನ ಗೆಳೆಯನಿಗೆ, ಗೆಳೆಯನ ಗೆಳೆಯನಿಗೆ ಮುಟ್ಟಿ, ವರ್ಷವಾಗುವದರೊಳಗೆ ಓಣಿಯೆಲ್ಲ ಬಲ್ಲ ಗುಟ್ಟಾಗುವದು. ಮನೆಯಾತನಿಗೆ ಮಾತ್ರ ತಾನು ಬೀಗ ಹಾಕಿರುವೆನೆಂಬ ಸಮಾಧಾನ! ಬಾಗಿಲಿಲ್ಲದ ಮನೆಗಿಂತ, ಹತ್ತು ಜನರ ಕಿಸೆಯಲ್ಲಿ ಬೀಗದ ಕೈಯಿರುವ ಮನೆಯು ಹೆಚ್ಚು ಅಪಾಯದ್ದು. ಏಕೆಂದರೆ ಮೊದಲನೆಯವನು ಎಚ್ಚರವಾಗಿರುವನು, ಎರಡನೆಯವನು ನಿದ್ರಿಸುವನು.

ಇಲ್ಲಿ ದೀಪದ ಉಪಮಾನವು ಮುರಿದುಬೀಳುವದು. ದೀಪದ ಬೆಳಕು ಒಂದೇ ದಿಕ್ಕಿನಲ್ಲಿ ಹರಿಯುವದು. ಹಳ್ಳಿಗೊಂದು ರೇಡಿಯೋ ಇದ್ದ ಕಾಲದಲ್ಲಿ ಸಾಹುಕಾರನ ಪಡಸಾಲೆಯ ರೇಡಿಯೋವನ್ನು ಅಂಗಳದಲ್ಲಿ ನಿಂತು ಕೇಳಿದವರೂ ಏನನ್ನೂ ಕಳುಹಿಸುತ್ತಿರಲಿಲ್ಲ. ವೈ-ಫೈ ಜಾಲದಲ್ಲಿ ಹೋಗುವದೂ ಉಂಟು, ಬರುವದೂ ಉಂಟು. ಕಟ್ಟೆಯ ಮೇಲೆ ಕುಳಿತ ಹುಡುಗನು ಏನನ್ನು ಕಳುಹಿಸಿದರೂ ಅದು ಮನೆಯಾತನ ತಂತಿಯಲ್ಲಿ, ಮನೆಯಾತನ ವಿಳಾಸದಿಂದ ಹೊರಬೀಳುವದು. ಆ ಪೆಟ್ಟಿಗೆಗೆ ಜೋಡಣೆಯಾದ ಯಂತ್ರಗಳು ಹತ್ತಿದ್ದರೂ ಹೊರಗಿನ ಲೋಕಕ್ಕೆ ಸಾಮಾನ್ಯವಾಗಿ ಕಾಣುವದು ಒಂದೇ ವಿಳಾಸ. ಆ ವಿಳಾಸವು ಯಾರದೆಂದು ಕಂಪನಿಯನ್ನು ಕೇಳಿದರೆ ಬರುವದು ಚಂದಾದಾರನ ಹೆಸರು ಒಂದೇ. ಆದುದರಿಂದ ನೆರೆಮನೆಯ ಜಾಲವನ್ನು ಬಳಸುವವನು ಕಿಟಕಿಯ ಬೆಳಕನ್ನು ಬಳಸುವದಿಲ್ಲ. ಮನೆಯಾತನ ಮೊಹರನ್ನು ಎತ್ತಿಕೊಂಡು ತನ್ನ ಕಾಗದಕ್ಕೆ ಒತ್ತುತ್ತಾನೆ. ಕಾಗದದಲ್ಲಿ ಕ್ಷೇಮಸಮಾಚಾರವಿದ್ದರೆ ಯಾರಿಗೂ ತೊಂದರೆಯಿಲ್ಲ. ಬೇರೇನಾದರೂ ಇದ್ದರೆ?

ಒಂದು ಮಿಂಚಂಚೆಯ ಕಥೆ

ಈ ಪ್ರಶ್ನೆಗೆ ಉತ್ತರವನ್ನು ನಮ್ಮ ದೇಶವು ಕಹಿಯಾದ ರೀತಿಯಲ್ಲಿ ಕಂಡಿದೆ. 2008ರ ಜುಲೈ 26ನೆಯ ತಾರೀಖು ಸಂಜೆ ಅಹಮದಾಬಾದಿನಲ್ಲಿ ಒಂದರ ಹಿಂದೊಂದು ಬಾಂಬುಗಳು ಸಿಡಿದು ಐವತ್ತಕ್ಕೂ ಹೆಚ್ಚು ಜನರು ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ, ಹೊಣೆಯನ್ನು ಹೊತ್ತು ಬರೆದ ಮಿಂಚಂಚೆಯೊಂದು ಸುದ್ದಿಸಂಸ್ಥೆಗಳಿಗೆ ತಲುಪಿತು. ತನಿಖೆಯವರು ಅದರ ವಿಳಾಸದ ಜಾಡನ್ನು ಹಿಡಿದು ಹೊರಟಾಗ ದಾರಿಯು ನವಿ ಮುಂಬಯಿಯ ಸಾನ್ಪಾಡಾದಲ್ಲಿಯ ಒಂದು ಮನೆಯ ಬಾಗಿಲಿಗೆ ಬಂದು ನಿಂತಿತು. ಅಲ್ಲಿದ್ದವನು ಕೆಲಸಕ್ಕಾಗಿ ಭಾರತಕ್ಕೆ ಬಂದ ಅಮೇರಿಕದ ಪ್ರಜೆ. ಅವನ ಗಣಕಯಂತ್ರವನ್ನು ಪರೀಕ್ಷೆಗೆ ಒಯ್ದರು. ಅವನನ್ನು ಬಾರಿಬಾರಿಗೆ ವಿಚಾರಣೆಗೆ ಕರೆದರು. ಅವನ ಹೆಸರೂ ಭಾವಚಿತ್ರವೂ ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಕೊನೆಗೆ ತಿಳಿದುಬಂದದ್ದೇನೆಂದರೆ, ಅವನ ಮನೆಯ ವೈ-ಫೈಗೆ ಸರಿಯಾದ ಬೀಗವಿರಲಿಲ್ಲ. ಹೊರಗಿನವರು ಅದರೊಳಗೆ ಹೊಕ್ಕು ಆ ಅಂಚೆಯನ್ನು ಕಳುಹಿಸಿದ್ದರು.

ಅದು ಒಂದು ಸಲದ ಮಾತಾಗಿ ಉಳಿಯಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಮುಂಬಯಿಯ ಮಾಟುಂಗಾದ ಒಂದು ಕಾಲೇಜಿನ ಜಾಲದಿಂದಲೂ, ಸಪ್ಟೆಂಬರ್ 13ರಂದು ದಿಲ್ಲಿಯ ಸ್ಫೋಟಗಳ ಹೊತ್ತಿಗೆ ಚೆಂಬೂರಿನ ಒಂದು ಕಂಪನಿಯ ಜಾಲದಿಂದಲೂ ಅಂಥವೇ ಅಂಚೆಗಳು ಹೊರಟವು. ಪ್ರತಿಯೊಂದು ಸಲವೂ ಮೊದಲ ಸಂಶಯದ ನೆರಳು ಬಿದ್ದದ್ದು ಜಾಲದ ಒಡೆಯನ ಮೇಲೆಯೇ. ಮುಂದೆ 2009ರ ಆರಂಭದಲ್ಲಿ ಮುಂಬಯಿಯ ಪೊಲೀಸರು ಬೀಗವಿಲ್ಲದ ಜಾಲಗಳನ್ನು ಹುಡುಕಿ ಎಚ್ಚರಿಸುವೆವೆಂದು ಸಾರಿದರು. ಅದೇ ಫೆಬ್ರುವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ವೈ-ಫೈಯನ್ನು ಭದ್ರಪಡಿಸಬೇಕೆಂದು ಅಂತರ್ಜಾಲ ಕಂಪನಿಗಳಿಗೆ ಸೂಚನೆಗಳನ್ನು ಹೊರಡಿಸಿತು. ಅಹಮದಾಬಾದಿನ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯವು 2022ರ ಫೆಬ್ರುವರಿಯಲ್ಲಿ 49 ಜನರನ್ನು ತಪ್ಪಿತಸ್ಥರೆಂದು ನಿರ್ಣಯಿಸಿತು.

ಬಾಂಬಿನ ಮಾತು ಬೀದರಕ್ಕೆ ದೂರದ್ದೆನ್ನುವವರು ಹತ್ತಿರದ ಮಾತನ್ನಾದರೂ ಎಣಿಸಲಿ. ಹೆಣ್ಣುಮಗಳೊಬ್ಬಳಿಗೆ ಸುಳ್ಳು ಹೆಸರಿನಿಂದ ಬಂದ ಅಶ್ಲೀಲ ಸಂದೇಶ, ಬ್ಯಾಂಕಿನ ಹೆಸರು ಹೇಳಿ ಹಣ ಕಿತ್ತ ಮೋಸ, ಕೋಮುಗಳ ನಡುವೆ ಕಿಡಿ ಹೊತ್ತಿಸುವ ಸುಳ್ಳು ಸುದ್ದಿ: ಇವುಗಳ ಮೂಲವನ್ನು ಹುಡುಕುವವರು ಹಿಡಿಯುವ ದಾರಿಯೂ ಅದೇ. ಕನ್ನಡ, ಉರ್ದು, ಮರಾಠಿ, ತೆಲುಗು ನುಡಿಗಳು ಒಂದೇ ಸಂತೆಯಲ್ಲಿ ಕಲೆತು ಬಾಳುವ ಈ ಗಡಿಯ ಜಿಲ್ಲೆಯಲ್ಲಿ ಒಂದು ಸುಳ್ಳು ಸುದ್ದಿಯ ಬೆಲೆಯು ಎಷ್ಟೆಂಬದನ್ನು ನಾವು ವಾಚಕರಿಗೆ ಹೇಳಬೇಕಾಗಿಲ್ಲ. ತನಿಖೆಯವನು ಬಾಗಿಲಿಗೆ ಬಂದಾಗ, ಮುಪ್ಪಿನ ತಂದೆಯು ತನ್ನ ಹೆಸರಿನ ಜಾಲವನ್ನು ಯಾರು ಯಾರು ಬಳಸುತ್ತಿದ್ದರೆಂದು ಹೇಗೆ ಹೇಳಬಲ್ಲನು? ಸತ್ಯವು ಕೊನೆಗೆ ಹೊರಗೆ ಬಂದೀತು. ಆದರೆ ಬರುವತನಕ ಓಣಿಯ ನಾಲಿಗೆಯು ಸುಮ್ಮನಿರುವದಿಲ್ಲ.

ಬಳಸುವವನಿಗೆ ಅಪಾಯವಿಲ್ಲವೇ?

ಒಡೆಯನ ಕಷ್ಟವನ್ನು ಹೇಳಿದೆವು. ಬಳಸುವವನು ತಾನು ಕ್ಷೇಮವೆಂದು ತಿಳಿದರೆ ಅದೂ ಭ್ರಮೆಯೇ. ಅನ್ಯರ ಜಾಲದಲ್ಲಿ ಹೊಕ್ಕವನ ಮಾತೆಲ್ಲವೂ ಅನ್ಯರ ಪೆಟ್ಟಿಗೆಯ ಮೂಲಕವೇ ಹಾಯಬೇಕು. ಆ ಪೆಟ್ಟಿಗೆಯನ್ನು ಆಳುವವನು, ಅತಿಥಿಯು ಯಾವ ಯಾವ ತಾಣಗಳಿಗೆ ಹೋದನೆಂಬದನ್ನು ಬಹುಮಟ್ಟಿಗೆ ಅರಿಯಬಲ್ಲನು. ಕೆಟ್ಟವನಾಗಿದ್ದರೆ ದಾರಿಯನ್ನೇ ತಿರುಗಿಸಿ ಬ್ಯಾಂಕಿನ ಪುಟದಂತೆ ತೋರುವ ಸುಳ್ಳು ಪುಟಕ್ಕೆ ಕೊಂಡೊಯ್ಯಲು ಯತ್ನಿಸಬಲ್ಲನು. ಬೀಗವಿಲ್ಲದ ಹಳೆಯ ಬಗೆಯ ಜಾಲದಲ್ಲಿ ಒಡೆಯನು ಸಜ್ಜನನಾಗಿದ್ದರೂ ಸಾಲದು. ಅಲೆಗಳು ಬರಿಯ ಬಯಲಿನಲ್ಲಿ ಸಾಗುವದರಿಂದ ಮೂರನೆಯವನು ದೂರದಲ್ಲಿ ಕುಳಿತು ಆಲಿಸಬಲ್ಲನು.

2010ನೆಯ ವರ್ಷವು ಇದನ್ನು ಲೋಕಕ್ಕೆಲ್ಲ ತೋರಿಸಿಕೊಟ್ಟಿತು. ಆ ಮೇ ತಿಂಗಳಲ್ಲಿ ಗೂಗಲ್ ಕಂಪನಿಯು, ಬೀದಿಗಳ ಚಿತ್ರ ತೆಗೆಯಲು ಹಲವು ದೇಶಗಳಲ್ಲಿ ತಿರುಗಿದ ತನ್ನ ಮೋಟಾರುಗಳು ಬೀಗವಿಲ್ಲದ ಮನೆಜಾಲಗಳಲ್ಲಿ ಹಾಯುತ್ತಿದ್ದ ಮಾಹಿತಿಯ ತುಣುಕುಗಳನ್ನೂ ಸಂಗ್ರಹಿಸಿದ್ದವೆಂದು ಒಪ್ಪಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಫೈರ್‌ಶೀಪ್ ಎಂಬ ಒಂದು ಚಿಕ್ಕ ತಂತ್ರಾಂಶವು ಹೊರಬಂದು, ತೆರೆದ ವೈ-ಫೈಯಲ್ಲಿ ಪಕ್ಕದಲ್ಲಿ ಕುಳಿತವನ ಫೇಸ್‌ಬುಕ್ ಖಾತೆಯೊಳಗೆ ಹೊಗುವದು ಎಳೆಯ ಹುಡುಗನಿಗೂ ಸಾಧ್ಯವೆಂದು ಸಿದ್ಧಪಡಿಸಿತು. ಆ ಬಳಿಕ ದೊಡ್ಡ ತಾಣಗಳೆಲ್ಲ ತಮ್ಮ ಸಂಭಾಷಣೆಯನ್ನು ಗೂಢಲಿಪಿಯಲ್ಲಿ ಸುತ್ತಿ ಕಳುಹಿಸತೊಡಗಿದವು. ಆದುದರಿಂದ ಇಂದು ಹಳೆಯ ಭಯವನ್ನು ಇದ್ದುದಕ್ಕಿಂತ ದೊಡ್ಡದು ಮಾಡಿ ಹೇಳುವದು ನ್ಯಾಯವಲ್ಲ. ಪಕ್ಕದವನು ಕದ್ದು ಆಲಿಸಿದರೂ ಬ್ಯಾಂಕಿನ ಗುಪ್ತಪದವು ಸುಲಭವಾಗಿ ಅವನ ಕೈಗೆ ಬೀಳುವದಿಲ್ಲ.

ಆದರೂ ಬಲೆಯು ಪೂರ್ತಿ ಹರಿದಿಲ್ಲ. ಹೆಸರು ನೋಡಿ ಜಾಲವನ್ನು ನಂಬುವದೆಂದರೆ ಫಲಕ ನೋಡಿ ವೈದ್ಯನನ್ನು ನಂಬಿದಂತೆ. ಯಾವ ಜಾಲಕ್ಕೆ ಯಾವ ಹೆಸರನ್ನಾದರೂ ಇಡಬಹುದು. 2024ರಲ್ಲಿ ಆಸ್ಟ್ರೇಲಿಯದ ಪೊಲೀಸರು, ವಿಮಾನನಿಲ್ದಾಣಗಳಲ್ಲಿ ನಿಜವಾದ ಉಚಿತ ವೈ-ಫೈಯದೇ ಹೆಸರಿನ ಸುಳ್ಳು ಜಾಲವನ್ನು ಹರಡಿ ಪ್ರಯಾಣಿಕರ ಗುಪ್ತಪದಗಳನ್ನು ಸೆಳೆದನೆಂಬ ಆರೋಪವನ್ನು ಒಬ್ಬನ ಮೇಲೆ ಹೊರಿಸಿದರು. ಉಚಿತವೆಂಬ ಹೆಸರು ಹೊತ್ತ ಜಾಲವು ನೆರೆಯವನ ಔದಾರ್ಯವೂ ಆಗಿರಬಹುದು, ಬೇಟೆಗಾರನ ಉರುಲೂ ಆಗಿರಬಹುದು. ಕೇಳಿ ತಿಳಿಯದವನಿಗೆ ಇವೆರಡರ ಭೇದವು ಗೊತ್ತಾಗುವ ಬಗೆಯಿಲ್ಲ. ಕೇಳುವದು ಸಭ್ಯತೆ ಮಾತ್ರವಲ್ಲದೆ ರಕ್ಷೆಯೂ ಆಗಿರುವದೆಂಬದು ಇದರಿಂದ ಸ್ಪಷ್ಟವಾಗುವದು.

ಕಾಯಿದೆಯ ಮಾತು

ಕಾಯಿದೆಯು ಏನೆನ್ನುವದು? 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು, ಗಣಕಯಂತ್ರ ಅಥವಾ ಗಣಕಜಾಲದ ಒಡೆಯನ, ಇಲ್ಲವೆ ಅದರ ಉಸ್ತುವಾರಿಯುಳ್ಳವನ ಅನುಮತಿಯಿಲ್ಲದೆ ಅದನ್ನು ಪ್ರವೇಶಿಸಿದವನನ್ನು ನಷ್ಟಪರಿಹಾರಕ್ಕೆ ಹೊಣೆಗಾರನನ್ನಾಗಿ ಮಾಡುವದು. ಅದೇ ಕೃತ್ಯವನ್ನು ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕಲಮಿನ ಜೀವವಿರುವದು ಅನುಮತಿ ಎಂಬ ಶಬ್ದದಲ್ಲಿ; ಬೀಗವಿತ್ತೋ ಇಲ್ಲವೋ ಎಂಬದರ ಮೇಲೆ ಅದು ನಿಂತಿಲ್ಲ.

ಬೇರೆ ದೇಶಗಳೂ ಈ ಗಂಟನ್ನು ಬಿಚ್ಚಲು ಬಗೆಬಗೆಯಾಗಿ ಯತ್ನಿಸಿವೆ. 2005ರಲ್ಲಿ ಲಂಡನ್ನಿನ ಒಬ್ಬನಿಗೆ, ಮನೆಗಳ ಹೊರಗೆ ಗಣಕಯಂತ್ರ ಹಿಡಿದು ನಿಂತು ಅನ್ಯರ ಜಾಲವನ್ನು ಬಳಸಿದ್ದಕ್ಕಾಗಿ 500 ಪೌಂಡುಗಳ ದಂಡವಾಯಿತು. ಹಾಲೆಂಡಿನಲ್ಲಿ ಅನ್ಯರ ಜಾಲದಿಂದ ಬೆದರಿಕೆಯನ್ನು ಬರೆದವನೊಬ್ಬನ ಮೊಕದ್ದಮೆಯಲ್ಲಿ, ಜಾಲದೊಳಗೆ ಹೊಕ್ಕದ್ದು ಅಪರಾಧವಲ್ಲವೆಂದು ಹೇಗ್‌ನ ಅಪೀಲು ನ್ಯಾಯಾಲಯವು 2011ರಲ್ಲಿ ಹೇಳಿತು; 2013ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಆ ನಿರ್ಣಯವನ್ನು ಒಪ್ಪಲಿಲ್ಲ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಮನೆಯ ಜಾಲಕ್ಕೆ ತಕ್ಕ ಬೀಗ ಹಾಕುವ ಭಾರವನ್ನು ಒಡೆಯನ ಮೇಲೆಯೇ ಹೊರಿಸಿತು. ಇದರಿಂದ ಉಪಾಹಾರಗೃಹಗಳೂ ಸಾರ್ವಜನಿಕ ಸ್ಥಳಗಳೂ ಜಾಲವನ್ನು ತೆರೆಯಲು ಅಂಜಿದುದರಿಂದ 2017ರಲ್ಲಿ ಅಲ್ಲಿಯ ಶಾಸನವನ್ನು ತಿದ್ದಿ ಆ ಹೊಣೆಯನ್ನು ಸಡಿಲಿಸಬೇಕಾಯಿತು. ಬೀಗವನ್ನು ಬಿಗಿದರೆ ಔದಾರ್ಯವು ಸಾಯುವದು, ಬಿಚ್ಚಿದರೆ ಭದ್ರತೆಯು ಕೆಡುವದು ಎಂಬ ಇಕ್ಕಟ್ಟು ಎಲ್ಲ ದೇಶಗಳಲ್ಲಿಯೂ ಒಂದೇ.

ಅರವಟ್ಟಿಗೆಯೂ ಹಿತ್ತಲಿನ ಬಾವಿಯೂ

ಔದಾರ್ಯದ ಪಕ್ಷವನ್ನೂ ನಾವು ಗೌರವದಿಂದ ಕೇಳಬೇಕು. ಅಮೇರಿಕದ ಪ್ರಸಿದ್ಧ ಭದ್ರತಾತಜ್ಞ ಬ್ರೂಸ್ ಶ್ನಾಯರ್ ಅವರು 2008ರಲ್ಲಿ, ತಮ್ಮ ಮನೆಯ ಜಾಲವನ್ನು ತಾವು ಬುದ್ಧಿಪೂರ್ವಕವಾಗಿಯೇ ತೆರೆದಿಟ್ಟಿರುವುದಾಗಿ ಬರೆದರು. ಮನೆಗೆ ಬಂದವನಿಗೆ ಬೆಚ್ಚನೆಯ ಕೋಣೆಯನ್ನೂ ಚಹವನ್ನೂ ಕೊಡುವಂತೆ ಜಾಲವನ್ನು ಕೊಡುವದೂ ಸಾಮಾನ್ಯ ಸೌಜನ್ಯವೆಂಬದು ಅವರ ಭಾವ. ಆ ಭಾವವು ನಮ್ಮ ನೆಲಕ್ಕೆ ಹೊಸದಲ್ಲ. ದಾಸೋಹದ ಕಲ್ಪನೆಯು ಹನ್ನೆರಡನೆಯ ಶತಮಾನದಲ್ಲಿ ಬಾಳಿ ಬೆಳಗಿದ ಕಲ್ಯಾಣವು ಇದೇ ಜಿಲ್ಲೆಯಲ್ಲಿದೆ. ಬೀದರದ ನಾನಕ್ ಝೀರಾದಲ್ಲಿ ಬಂಡೆಯ ಒಡಲಿನಿಂದ ಬರುವ ಸಿಹಿನೀರನ್ನು ಕುಡಿಯಲಿಕ್ಕೂ, ಲಂಗರಿನ ಪಂಕ್ತಿಯಲ್ಲಿ ಕುಳಿತು ಉಣ್ಣಲಿಕ್ಕೂ ಜಾತಿಯನ್ನಾಗಲಿ ಊರನ್ನಾಗಲಿ ಯಾರೂ ಕೇಳುವದಿಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಅರವಟ್ಟಿಗೆಯ ನೀರು ಎಲ್ಲರದು, ಏಕೆಂದರೆ ಇಟ್ಟವನು ಎಲ್ಲರಿಗಾಗಿ ಇಟ್ಟಿರುವನು. ಕೊಡುವ ಸಂಕಲ್ಪವು ಅಲ್ಲಿ ಮೊದಲೇ ಆಗಿದೆ. ನೆರೆಯವನ ಹಿತ್ತಲಿನ ಬಾವಿಗೆ ಕಟ್ಟೆಯಿಲ್ಲದ ಮಾತ್ರಕ್ಕೆ ಅದು ಅರವಟ್ಟಿಗೆಯಾಗುವದಿಲ್ಲ. ಅವನು ಮರೆತು ತೆರೆದಿಟ್ಟ ಕದವನ್ನು ಆಮಂತ್ರಣವೆಂದು ಓದುವದು ನಮ್ಮ ಅನುಕೂಲದ ಓದು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಜಿಲ್ಲೆಯ ಹಿರಿಯರು ಇಂದಿಗೂ ನೆನೆಯುವರು. ಬಡ ಮಕ್ಕಳಿಗೆ ಅಲ್ಲಿ ಅನ್ನವೂ ಅಕ್ಷರವೂ ದೊರೆತವು. ಆ ಮಕ್ಕಳು ಬೇಲಿ ನುಸುಳಿ ಬಂದವರಲ್ಲ. ಬಾಗಿಲಿನಿಂದ ಬಂದು, ಮಠದ ಮಕ್ಕಳಾಗಿ ಕುಳಿತು ಉಂಡವರು. ಪಡೆಯುವವನ ಮಾನವೂ ಕೊಡುವವನ ಮಾನವೂ ಉಳಿಯುವದು ಹೀಗೆ ಬಾಗಿಲಿನಿಂದ ಬಂದಾಗಲೇ.

ಕೂಡಿ ಬಳಸುವ ವಸ್ತುವಿನ ಧರ್ಮವನ್ನು ತಿಳಿಯಲು ಬೀದರದವರು ದೂರ ಹೋಗಬೇಕಾಗಿಲ್ಲ. ಬಹಮನೀ ಸುಲ್ತಾನರ ಕಾಲದಲ್ಲಿ, ಪಾರಸಿಕ ದೇಶದ ವಿದ್ಯೆಯನ್ನು ಅನುಸರಿಸಿ, ನಮ್ಮ ಕೆಂಪುಕಲ್ಲಿನ ಪ್ರಸ್ಥಭೂಮಿಯ ಒಡಲಲ್ಲಿ ಕೊರೆದ ಕರೇಜುಗಳು ಇಂದಿಗೂ ಇವೆ. ನೆಲದ ಕೆಳಗೆ ಸುರಂಗದಲ್ಲಿ ನೀರು ಇಳಿಜಾರಿಗೆ ಹರಿಯುವದು. ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳು. ಒಂದು ಬಾಯಿಯಲ್ಲಿ ಕಸ ಸುರಿದರೆ ಕೆಳಗಿನವರೆಲ್ಲರ ನೀರೂ ಕೆಡುವದು. ಕಾಲಾಂತರದಲ್ಲಿ ಜನರು ಸುರಂಗವನ್ನು ಮರೆತರು. ಬಾಯಿಗಳಲ್ಲಿ ಹೂಳೂ ಕಸವೂ ತುಂಬಿದವು. ಕಳೆದ ದಶಕದಲ್ಲಿ ನೌಬಾದದ ಕರೇಜಿನ ಹೂಳನ್ನು ತೆಗೆಯುವ ಕೆಲಸ ನಡೆದಾಗಲೇ ಊರಿಗೆ ಅದರ ನೆನಪು ಮರಳಿತು. ವೈ-ಫೈ ಜಾಲವು ನಮ್ಮ ಕಾಲದ ಕರೇಜು. ಒಬ್ಬನ ಮೊಬೈಲಿನಲ್ಲಿಯ ರೋಗವು ಅದೇ ಜಾಲದ ಇನ್ನೊಬ್ಬನ ಗಣಕಯಂತ್ರಕ್ಕೂ, ಮನೆಯ ಕ್ಯಾಮರಾಕ್ಕೂ ಹರಿಯಬಲ್ಲದು. ಒಬ್ಬನು ಇಡೀ ರಾತ್ರಿ ಚಲನಚಿತ್ರಗಳನ್ನು ಇಳಿಸಿಕೊಂಡರೆ ಮನೆಯ ಮಗಳ ಪಾಠವು ನಿಂತುಹೋಗುವದು. ಯಾರು ಬಳಸುತ್ತಿರುವರೆಂಬದು ಯಾರಿಗೂ ಗೊತ್ತಿಲ್ಲದ ಜಾಲವನ್ನು ಕಾಯುವವರೂ ಯಾರೂ ಇರುವದಿಲ್ಲ.

ಬಡತನದ ಹೊಣೆ ಯಾರದು?

ಇಷ್ಟು ಹೇಳಿ, ಕಟ್ಟೆಯ ಮೇಲಿನ ಹುಡುಗನನ್ನು ಬೈದು ಮುಗಿಸಿದರೆ ನಾವು ಅರ್ಧ ನ್ಯಾಯವನ್ನು ಮಾತ್ರ ಮಾಡಿದಂತೆ. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲಿನೊಳಗೆ ಹೋಯಿತು. ಮೊಬೈಲ್ ಇಲ್ಲದ, ಇದ್ದರೂ ಜಾಲ ಸಿಗದ ಮಕ್ಕಳು ಹೊರಗೆ ಉಳಿದರು. ಆ ವರ್ಷ ರಾಜ್ಯ ಸರಕಾರವು ವಿದ್ಯಾಗಮ ಎಂಬ ಯೋಜನೆಯಿಂದ ಶಿಕ್ಷಕರನ್ನೇ ಮಕ್ಕಳ ಓಣಿಗಳಿಗೆ ಕಳುಹಿಸಬೇಕಾಯಿತೆಂದರೆ ಕೊರತೆಯು ಎಷ್ಟೆಂಬದು ತಿಳಿಯುವದು. ಮಹಾರಾಷ್ಟ್ರ, ತೆಲಂಗಾಣಗಳ ಎಲ್ಲೆಗೆ ಹತ್ತಿದ ಔರಾದದಂಥ ತಾಲೂಕಿನಲ್ಲಿ ಈ ಕೊರತೆಯು ಊರ ಸಾಹುಕಾರನಿಗಿಂತ ಕೂಲಿಯವನ ಮಗಳನ್ನು ಹೆಚ್ಚು ಕಾಡಿದರೆ ಆಶ್ಚರ್ಯವಿಲ್ಲ. ಬಾಯಾರಿದವನು ನೆರೆಯವನ ಬಾವಿಗೆ ಕೈಯಿಟ್ಟಾಗ, ಊರಿಗೆ ಅರವಟ್ಟಿಗೆಯನ್ನು ಕಟ್ಟದವರೂ ಆ ತಪ್ಪಿನಲ್ಲಿ ಪಾಲುಗಾರರು.

ಅರವಟ್ಟಿಗೆಯನ್ನು ಕಟ್ಟುವ ಸಾಧನಗಳು ಇಲ್ಲದಿಲ್ಲ. ಗ್ರಾಮಪಂಚಾಯತಿಗಳಿಗೆ ಗಾಜಿನೆಳೆಯ ತಂತಿಯನ್ನು ಮುಟ್ಟಿಸುವ ಯೋಜನೆಗೆ ಕೇಂದ್ರವು 2011ರಲ್ಲಿಯೇ ಒಪ್ಪಿಗೆ ಕೊಟ್ಟಿತು. ಅದೇ ಇಂದಿನ ಭಾರತ್‌ನೆಟ್. ರಾಜ್ಯದ ಗ್ರಾಮೀಣ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೊಸ ಹೆಸರನ್ನು ಹೊತ್ತು ಗಣಕಯಂತ್ರಗಳನ್ನು ಇಟ್ಟುಕೊಳ್ಳತೊಡಗಿವೆ. 2020ರ ಡಿಸೆಂಬರ್ 9ರಂದು ಕೇಂದ್ರ ಮಂತ್ರಿಮಂಡಲವು ಒಪ್ಪಿದ ಪಿಎಂ-ವಾಣಿ ಯೋಜನೆಯ ಪ್ರಕಾರ, ಒಬ್ಬ ಕಿರಾಣಿ ಅಂಗಡಿಯವನು ಕೂಡ ಲೈಸೆನ್ಸಿನ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈಯ ಮಳಿಗೆಯನ್ನು ತೆರೆದು, ಅಲ್ಪ ಬೆಲೆಗೆ ಜಾಲವನ್ನು ಮಾರಬಹುದು. ಬಳಸುವವನು ತನ್ನ ಗುರುತಿನಿಂದಲೇ ಒಳಗೆ ಬರುವದರಿಂದ ಅಂಗಡಿಯವನ ಮೊಹರು ದುರುಪಯೋಗವಾಗುವ ಭಯವೂ ಕಡಿಮೆ. ರೈಲುನಿಲ್ದಾಣದ ಉಚಿತ ವೈ-ಫೈಯಲ್ಲಿ ಪಾಠ ಕೇಳಿಕೊಂಡು ಕೇರಳದ ಎರ್ನಾಕುಲಂನ ಒಬ್ಬ ಹಮಾಲನು 2018ರಲ್ಲಿ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯನ್ನು ದಾಟಿದ ಸುದ್ದಿಯನ್ನು ದೇಶವೆಲ್ಲ ಓದಿತು. ಅವನು ತಲೆ ತಗ್ಗಿಸಿ ಕುಳಿತುಕೊಳ್ಳಬೇಕಾಗಿರಲಿಲ್ಲ. ಆ ಬೆಳಕು ಎಲ್ಲರಿಗಾಗಿ ಹಚ್ಚಿದ ಬೆಳಕಾಗಿತ್ತು. ಬೀದರದ ವಾಚನಾಲಯಗಳಲ್ಲಿ, ಭಾಲ್ಕಿ ಔರಾದಗಳ ಗ್ರಂಥಾಲಯಗಳಲ್ಲಿ, ಪರೀಕ್ಷೆಯ ದಿನಗಳಲ್ಲಾದರೂ ರಾತ್ರಿ ಹತ್ತರವರೆಗೆ ಇಂಥ ಬೆಳಕು ಉರಿಯಬೇಕೆಂದು ನಮ್ಮ ಪ್ರತಿನಿಧಿಗಳನ್ನು ನಾವು ಕೇಳುವದು ಸಾರ್ವಜನಿಕರ ಹಕ್ಕು.

ನೆರೆಹೊರೆಯ ನಡತೆ

ಅಲ್ಲಿಯವರೆಗೆ ನೆರೆಹೊರೆಯವರು ಏನು ಮಾಡಬೇಕು? ಜಾಲದ ಒಡೆಯನು ಪೆಟ್ಟಿಗೆಯ ಜೊತೆಗೆ ಬಂದ ಗುಪ್ತಪದವನ್ನೂ, ಪೆಟ್ಟಿಗೆಯನ್ನು ಆಳುವ ಒಳಗಿನ ಗುಪ್ತಪದವನ್ನೂ ಮೊದಲು ಬದಲಿಸಲಿ; ಡಬ್ಲ್ಯುಪಿಎ2 ಇಲ್ಲವೆ ಡಬ್ಲ್ಯುಪಿಎ3 ಎಂಬ ಬಲವಾದ ಬೀಗವನ್ನು ಆರಿಸಲಿ. ಕೊಡುವ ಮನಸ್ಸಿದ್ದರೆ, ಇಂದಿನ ಬಹುತೇಕ ಪೆಟ್ಟಿಗೆಗಳಲ್ಲಿರುವ ಅತಿಥಿಜಾಲವನ್ನು ಬೇರೆ ಗುಪ್ತಪದದೊಂದಿಗೆ ತೆರೆಯಲಿ. ಅದರಿಂದ ಮನೆಯ ಯಂತ್ರಗಳು ಒಳಕೋಣೆಯಲ್ಲಿಯೂ ಅತಿಥಿಯು ಪಡಸಾಲೆಯಲ್ಲಿಯೂ ಇದ್ದಂತಾಗುವದು. ಆದರೆ ಅತಿಥಿಜಾಲದಿಂದ ಹೊರಬಿದ್ದುದೂ ಮನೆಯ ಹೆಸರಿನಲ್ಲಿಯೇ ಹೋಗುವದರಿಂದ ಯಾರಿಗೆ ಕೊಟ್ಟೆನೆಂಬದರ ನೆನಪಿರಲಿ. ಗುಪ್ತಪದವನ್ನು ಆಗಾಗ ಬದಲಿಸಲಿ.

ಪಡೆಯುವವನು ಮೊದಲು ಕೇಳಲಿ. ಸಿಕ್ಕ ಗುಪ್ತಪದವನ್ನು ಮೂರನೆಯವನಿಗೆ ಹೇಳದಿರಲಿ, ಏಕೆಂದರೆ ಅದು ಅವನದಲ್ಲ. ಓದಿಗೂ ಅರ್ಜಿಗೂ ಬಳಸಲಿ. ಬ್ಯಾಂಕಿನ ವ್ಯವಹಾರಕ್ಕೂ ಯುಪಿಐ ಪಾವತಿಗೂ ತನ್ನ ಮೊಬೈಲಿನ ಸ್ವಂತ ಡೇಟಾವನ್ನು ಮೀಸಲಿಡಲಿ. ಪರಿಚಯವಿಲ್ಲದ ಜಾಲಕ್ಕೆ ಯಂತ್ರವು ತಾನಾಗಿ ಜೋಡಣೆಯಾಗದಂತೆ ನೋಡಿಕೊಳ್ಳಲಿ. ಮೋಸವೇನಾದರೂ ನಡೆದು ಹಣ ಹೋದರೆ ನಾಚಿ ಸುಮ್ಮನಿರದೆ ಒಡನೆ 1930ಕ್ಕೆ ಕರೆ ಮಾಡಲಿ.

ಈ ಎಲ್ಲ ಯಂತ್ರದ ಮಾತುಗಳಿಗಿಂತ ಹಿರಿದಾದದ್ದು ಆ ಒಂದು ಕೇಳಿಕೆ. ಕೇಳಲು ನಾಚಿಕೆಯಾಗುವದು; ಇಲ್ಲವೆಂದಾರೆಂಬ ಭಯವಾಗುವದು. ಆದರೆ ಕೇಳದೆ ಬಳಸುವವನು ವರ್ಷಗಟ್ಟಲೆ ನೆರೆಯವನ ಮುಖವನ್ನು ನೋಡದೆ ಅವನ ಹೆಸರನ್ನು ಮಾತ್ರ ಬಳಸುವನು; ಕೇಳಿದವನು ಒಂದು ಗಳಿಗೆಯಲ್ಲಿ ಮನೆಯ ಅತಿಥಿಯಾಗುವನು. ನಾಳೆ ಆ ಹೆಸರಿಗೆ ಕಳಂಕ ಬಂದಾಗ, ಇಂಥಿಂಥವರು ಬಳಸುತ್ತಿದ್ದರೆಂದು ಹೇಳಬಲ್ಲವನು ಕೊಟ್ಟು ಬಲ್ಲವನೇ. ಅವನ ಪರವಾಗಿ ಎದ್ದು ನಿಲ್ಲಬಲ್ಲವನು ಕೇಳಿ ಪಡೆದವನೇ. ಕಟ್ಟೆಯ ಮೇಲೆ ಕುಳಿತ ಹುಡುಗನು ಇಂದು ರಾತ್ರಿಯೇ ಎದ್ದು ಆ ಮನೆಯ ಕದವನ್ನು ತಟ್ಟಲಿ. ಒಳಗಿನವನು ಕದವನ್ನು ತೆರೆದು, ಅರ್ಜಿಯ ಕಡೆಯ ತಾರೀಖು ಯಾವದೆಂದು ವಿಚಾರಿಸಿ, ಒಳಗೆ ಬಂದು ಕುಳಿತುಕೊಳ್ಳೆಂದು ಹೇಳಲಿ. ಹೊರಗಿನ ಕಟ್ಟೆಗಿಂತ ಒಳಗಿನ ಚಾಪೆಯ ಮೇಲೆ ಜಾಲವು ಬಲವಾಗಿಯೂ ಸಿಗುವದು.